ಒಂದು ಕವಿತೆ, ಒಂದು ವಾರ: ಪ್ರೌಢಶಾಲೆಯಲ್ಲಿ ವರ್ಡ್ಸ್‌ವರ್ತನ 'ಡ್ಯಾಫೊಡಿಲ್ಸ್'

ಪ್ರೌಢಶಾಲೆಯ ಇಂಗ್ಲಿಷ್ ಅಧ್ಯಾಪಕನು ವಾರದ ಪಾಠಯೋಜನೆಯನ್ನು ಬರೆದಿಡುವುದು ಕೇವಲ ದಫ್ತರದ ಕಾರ್ಯವೆಂದು ಭಾವಿಸುವುದು ವಾಡಿಕೆ. ನಾವು ಹಾಗೆ ಭಾವಿಸುವುದಿಲ್ಲ. ಒಂದು ಕವಿತೆಯಲ್ಲಿ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ತಡೆಹಿಡಿಯಬೇಕು, ಯಾವುದನ್ನು ಹೇಳದೆಯೇ ಬಿಡಬೇಕು ಎಂದು ನಿರ್ಣಯಿಸುವವನು ಆ ಕವಿತೆಯನ್ನು ಆಗಲೇ ವಿಮರ್ಶಿಸಿರುತ್ತಾನೆ. ಆ ವಿಮರ್ಶೆ ಒಳ್ಳೆಯದೋ ಕೆಟ್ಟದೋ ಎಂಬುದಷ್ಟೇ ಪ್ರಶ್ನೆ. ವರ್ಡ್ಸ್‌ವರ್ತನು ಶೀರ್ಷಿಕೆಯಿಲ್ಲದೆ ಪ್ರಕಟಿಸಿದ, 'ಡ್ಯಾಫೊಡಿಲ್ಸ್' ಎಂದೇ ಪ್ರಸಿದ್ಧವಾದ 24 ಪಂಕ್ತಿಗಳ ಕವಿತೆಯ ಮೇಲೆ ಈ ಮಾತನ್ನು ಪರೀಕ್ಷಿಸಿ ನೋಡಬಹುದು.

ರೂಢಿಯ ಕ್ರಮ ಎಲ್ಲರಿಗೂ ತಿಳಿದದ್ದೇ. ಮೊದಲ ದಿನ ಕವಿಯ ಜನನ 1770, ಮರಣ 1850, ಆತನು ಪ್ರಕೃತಿಯ ಆರಾಧಕ ಎಂಬ ಟಿಪ್ಪಣಿ, ಅನಂತರ ಹೂವಿನ ಚಿತ್ರ, ಆಮೇಲೆ ಸಾರಾಂಶ, ಕೊನೆಗೆ ಕಂಠಪಾಠ. ತೀರ್ಪನ್ನು ಮುಂದಾಗಿಯೇ ಕೊಟ್ಟುಬಿಟ್ಟ ಮೇಲೆ ವಿದ್ಯಾರ್ಥಿಗೆ ಉಳಿಯುವುದು ಸಾಕ್ಷಿ ನುಡಿಯುವ ಕೆಲಸವೊಂದೇ. ನಮ್ಮ ಮತದಲ್ಲಿ ಸೋಮವಾರ ಕವಿತೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿ, ನಾಲ್ಕಾರು ಕಠಿನ ಪದಗಳ ಅರ್ಥವನ್ನು ಹೇಳಿ ನಿಲ್ಲಿಸುವುದೇ ಮೇಲು.

ಮಂಗಳವಾರದ ಅವಧಿ ವ್ಯಾಕರಣಕ್ಕೆ ಮೀಸಲಾಗಲಿ. ಇದನ್ನು ಕೇಳಿ ಸಾಹಿತ್ಯಾಭಿಮಾನಿಗಳು ಹುಬ್ಬುಗಂಟಿಕ್ಕಬಹುದು. ಆದರೆ ಈ ಕವಿತೆಯ ಮರ್ಮವಿರುವುದು ಅದರ ಕ್ರಿಯಾಪದಗಳಲ್ಲಿ. ಮೊದಲ ಮೂರು ಪದ್ಯಗಳಲ್ಲಿ ಅನುಭವವನ್ನು ಹೇಳುವುದು ಭೂತಕಾಲ. ನಾಲ್ಕನೆಯದು ವರ್ತಮಾನಕ್ಕೆ ತಿರುಗುತ್ತದೆ. ಕುಣಿತವನ್ನು ಹೇಳುವ 'ಡಾನ್ಸ್' ಎಂಬ ಮಾತು ನಾಲ್ಕು ಪದ್ಯಗಳಲ್ಲಿಯೂ ಬರುತ್ತದೆ. ಮೊದಲು ಹೂಗಳು ಕುಣಿಯುತ್ತವೆ, ಮೂರನೆಯದರಲ್ಲಿ ಅಲೆಗಳೂ ಕೂಡಿಕೊಳ್ಳುತ್ತವೆ, ಕೊನೆಯಲ್ಲಿ ಕುಣಿಯುವುದು ಕವಿಯ ಹೃದಯ. ಹದಿನಾಲ್ಕು ವರ್ಷದ ಹುಡುಗ ಪೆನ್ಸಿಲ್ಲಿನಿಂದ ಈ ನಾಲ್ಕು ಮಾತುಗಳಿಗೆ ಗುರುತು ಹಾಕಿ, ಯಾರು ಯಾರು ಕುಣಿಯುತ್ತಿದ್ದಾರೆಂದು ಪಕ್ಕದಲ್ಲಿ ಬರೆದರೆ, ಇದು ಹೂವನ್ನು ಕುರಿತ ಕವಿತೆಯಲ್ಲ, ನೆನಪನ್ನು ಕುರಿತದ್ದು ಎಂಬುದನ್ನು ತಾನೇ ಕಂಡುಕೊಳ್ಳುತ್ತಾನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಹೂಗಳು ಇಲ್ಲಿ ವಿಭಾವವೇ ಹೊರತು ರಸವಲ್ಲ. ಆ ಪರಿಭಾಷೆಯನ್ನು ತರಗತಿಯಲ್ಲಿ ಉಚ್ಚರಿಸಬೇಕಾದ್ದಿಲ್ಲ.

ಹೂವನ್ನೇ ಕಾಣದ ಮಕ್ಕಳಿಗೆ ಏನು ಹೇಳುವುದು? ಮೈಸೂರು ಮಂಡ್ಯಗಳ ಕಡೆಯ ಅಧ್ಯಾಪಕರಿಗೆ ಹೂಬಿಟ್ಟ ಹುಚ್ಚೆಳ್ಳಿನ ಹೊಲ ಥಟ್ಟನೆ ನೆನಪಾಗುತ್ತದೆ. ಹೋಲಿಕೆ ಸೊಗಸಾದದ್ದು, ಆದರೆ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಹುಚ್ಚೆಳ್ಳು ಬಿತ್ತಿದ ಬೆಳೆ, ಅದನ್ನು ನೋಡುವವನು ಎಣ್ಣೆಯ ಲೆಕ್ಕವನ್ನೂ ಹಾಕುತ್ತಾನೆ. ಕವಿ ಕಂಡದ್ದು ಯಾರೂ ಬಿತ್ತದ, ಯಾರೂ ಕೊಯ್ಯದ ಹೂಗಳನ್ನು. ತನಗೆ ದೊರೆತ ಸಂಪತ್ತು ಎಂಥದೆಂದು ಆತನಿಗೇ ಆ ಕ್ಷಣದಲ್ಲಿ ತಿಳಿಯಲಿಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೆಂದು ಮಕ್ಕಳನ್ನೇ ಕೇಳಿದರೆ ಅದು ಸಾರ್ಥಕವಾಗುತ್ತದೆ.

ಬುಧವಾರ ಚರಿತ್ರೆ ಬರಲಿ. ಈಗ ಅದಕ್ಕೆ ಕೆಲಸವಿದೆ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಕವಿಯ ಜೊತೆಗೆ ತಂಗಿ ಡಾರತಿಯೂ ಇದ್ದಳು. ಕೆಲವು ಹೂಗಳು ಬಳಲಿದಂತೆ ಕಲ್ಲುಗಳ ಮೇಲೆ ತಲೆಯೊರಗಿಸಿದ್ದುದನ್ನು ಆಕೆ ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಕವಿತೆಯಲ್ಲಿ ಬಳಲಿದ ಹೂವೂ ಇಲ್ಲ, ತಂಗಿಯೂ ಇಲ್ಲ, ಕವಿ ಒಬ್ಬಂಟಿ. ಇದು ಸುಳ್ಳೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಕವಿತೆ ಅಚ್ಚಾದದ್ದು 1807ರಲ್ಲಿ, ಮೂರೇ ಪದ್ಯಗಳಾಗಿ. ನಕ್ಷತ್ರಗಳ ಹೋಲಿಕೆಯುಳ್ಳ ಪದ್ಯ ಸೇರಿದ್ದು 1815ರಲ್ಲಿ. ಆಗಲೇ ಮೊದಲ ಪದ್ಯದ 'ಕುಣಿಯುವ' ಹೂಗಳು 'ಹೊನ್ನಿನ' ಹೂಗಳಾದುವು. ಈ ತಿದ್ದುಪಡಿ ಮುಂದೆ ಬರುವ ಸಂಪತ್ತಿನ ಮಾತಿಗೆ ನೆಲ ಹದಮಾಡಿತೆಂದು ನಾವು ಎಣಿಸುತ್ತೇವೆ. ಒಳಗಣ್ಣಿನ ಪ್ರಸಿದ್ಧವಾದ ಎರಡು ಪಂಕ್ತಿಗಳು ಪತ್ನಿ ಮೇರಿಯವು. ಕವಿತೆಯಲ್ಲಿ ಅವೇ ಶ್ರೇಷ್ಠವೆಂದು ಕವಿಯೇ ಒಪ್ಪಿದ್ದಾನೆ. ಒಂಟಿತನದ ಈ ಕವಿತೆಗೆ ಮೂವರ ಕೈ ತಗಲಿದೆಯೆಂದಾಯಿತು!

ಗುರುವಾರದ ಪಾಠವನ್ನು ಅನೇಕರು ಒಪ್ಪಲಾರರು. ಆಂಟಿಗಾ ದ್ವೀಪದಲ್ಲಿ ಹುಟ್ಟಿದ ಜಮೈಕಾ ಕಿಂಕೇಡ್ ಎಂಬ ಲೇಖಕಿಯ 'ಲೂಸಿ' ಕಾದಂಬರಿ 1990ರಲ್ಲಿ ಹೊರಬಂದಿತು. ಅದರ ನಾಯಕಿ ಬಾಲ್ಯದಲ್ಲಿ ಈ ಕವಿತೆಯನ್ನು ಬಾಯಿಪಾಠ ಮಾಡಿ ಸಭೆಯಲ್ಲಿ ಒಪ್ಪಿಸಬೇಕಾಯಿತು. ಜನ ಮೆಚ್ಚಿದರು, ಆಕೆ ಅದನ್ನು ಮನಸ್ಸಿನಿಂದ ಅಳಿಸಿಹಾಕಲು ಪಣತೊಟ್ಟಳು. ಬೆಳೆದು ಅಮೆರಿಕಕ್ಕೆ ಹೋದ ಮೇಲೆ ಆ ಹೂಗಳನ್ನು ಮೊದಲ ಬಾರಿಗೆ ಕಂಡಾಗ ಅವಳಿಗಾದದ್ದು ಆನಂದವಲ್ಲ, ಅವನ್ನು ಕೊಚ್ಚಿಹಾಕಬೇಕೆಂಬ ರೋಷ. ವರ್ಡ್ಸ್‌ವರ್ತನ ಒಳಗಣ್ಣಿಗೆ ಹೂಗಳು ಕರೆಯದೆ ಬಂದುವು. ಲೂಸಿಯ ಒಳಗಣ್ಣಿಗೆ ಅವನ್ನು ಬಲವಂತದಿಂದ ತುರುಕಲಾಯಿತು. ಇಂಗ್ಲಿಷ್ ಸಾಮ್ರಾಜ್ಯದ ಶಾಲೆಗಳನ್ನು ಕಂಡ ನಮ್ಮ ನಾಡಿನಲ್ಲಿ ಈ ಕಥೆಯನ್ನು ಮರೆಮಾಚಿ ಆ ಕವಿತೆಯನ್ನು ಕಲಿಸುವುದು ಪ್ರಾಮಾಣಿಕವಾದ ಕೆಲಸವಲ್ಲ. ಇದರಿಂದ ಕವಿತೆಯ ಗೌರವ ಕುಂದುವುದೆಂಬ ಭಯಕ್ಕೆ ಆಧಾರವಿಲ್ಲ. ಕುಂದುವುದಾದರೆ ಕಂಠಪಾಠದ ಗೌರವ ಕುಂದೀತು, ಅಷ್ಟೇ.

ಶುಕ್ರವಾರ ಮಕ್ಕಳು ಬರೆಯಲಿ: ಕೊನೆಯ ಪದ್ಯವನ್ನು ಕನ್ನಡ ಗದ್ಯದಲ್ಲಿ, ತಮ್ಮದೇ ಮಾತಿನಲ್ಲಿ. ಇಂಗ್ಲಿಷಿನ ಅವಧಿಯಲ್ಲಿ ಕನ್ನಡವೇ ಎಂದು ಕೇಳುವವರಿಗೆ, 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರೇ ಆಗಿದ್ದರೆಂಬುದನ್ನು ನೆನಪಿಸಿದರೆ ಸಾಕು.

ಶನಿವಾರದ ಅರ್ಧ ದಿನದಲ್ಲಿ ಕಿರುಪರೀಕ್ಷೆ. ಕವಿ ಹೂಗಳನ್ನು ಎಲ್ಲಿ ಕಂಡನು ಎಂಬ ಪ್ರಶ್ನೆಗೆ ಕವಿತೆಯನ್ನು ಓದದವನೂ ಉತ್ತರಿಸಬಲ್ಲನು. ತಂಗಿ ಜೊತೆಯಲ್ಲಿದ್ದೂ ಕವಿ ತನ್ನನ್ನು ಒಬ್ಬಂಟಿಯೆಂದು ಏಕೆ ಕರೆದುಕೊಂಡನು ಎಂದು ಕೇಳಿ, ಕಂಠಪಾಠವನ್ನು ಇಷ್ಟವಿದ್ದವರಿಗೆ ಬಿಟ್ಟುಬಿಡಬೇಕು.