ಅಲ್ಪವಿರಾಮ ಎಲ್ಲಿ ಹಾಕ್ತೀರಿ?

ಯಾವುದಾದರೂ ದೊಡ್ಡ ಲೈಬ್ರರಿಯ ಆನ್‌ಲೈನ್ ಕೆಟಲಾಗಿನಲ್ಲಿ ‘ಕುವೆಂಪು’ ಅಂತ ಹುಡುಕಿ ನೋಡಿ. ಆಮೇಲೆ ‘ಕೆ.ವಿ. ಪುಟ್ಟಪ್ಪ’ ಅಂತ ಹುಡುಕಿ. ಎರಡಕ್ಕೂ ಒಂದೇ ಪಟ್ಟಿ ಬಂದರೆ ಅಲ್ಲಿ ಯಾರೋ ಒಬ್ಬರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ ಎಂದರ್ಥ. ಬೇರೆ ಬೇರೆ ಪಟ್ಟಿ ಬಂದರೆ ಸಾಫ್ಟ್‌ವೇರನ್ನು ಬಯ್ಯಬೇಡಿ. ಅದು ಪಾಪ, ತನಗೆ ಕೊಟ್ಟದ್ದನ್ನಷ್ಟೇ ತೋರಿಸುತ್ತೆ. ತಪ್ಪು ಇರೋದು ಅದರ ಹಿಂದಿನ ರೆಕಾರ್ಡಿನಲ್ಲಿ.

ಈ ರೆಕಾರ್ಡುಗಳನ್ನು ಬರೆಯೋದಕ್ಕೂ ನಿಯಮಗಳಿವೆ. 1978ರಲ್ಲಿ ಬಂದ ಎಎಸಿಆರ್-2 ಎಂಬ ಸಂಹಿತೆ ಮೂರು ದಶಕ ಆಳಿತು. 2010ರಲ್ಲಿ ಅದರ ಜಾಗಕ್ಕೆ ಆರ್‌ಡಿಎ ಬಂತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರ ಮಾರ್ಚ್ 31ರಿಂದ ಅದನ್ನು ಪೂರ್ತಿಯಾಗಿ ಒಪ್ಪಿಕೊಂಡ ಮೇಲೆ ಬೇರೆ ಕಡೆಯ ಲೈಬ್ರರಿಗಳೂ ‘ನಮ್ಮ ರೆಕಾರ್ಡುಗಳನ್ನೂ ಆರ್‌ಡಿಎಗೆ ತರಬೇಕು’ ಎಂದು ಹೊರಟವು. ಇವೆರಡರ ಜೊತೆ ಮಾರ್ಕ್ ಅನ್ನೋ ಇನ್ನೊಂದು ಹೆಸರೂ ಕೇಳಿಬರುತ್ತೆ. 1960ರ ದಶಕದಲ್ಲಿ ಹೆನ್ರಿಯೆಟ್ ಆವ್ರಮ್ ಕಟ್ಟಿದ ಈ ವ್ಯವಸ್ಥೆಯನ್ನು ನಂಬರ್ ಹಾಕಿದ ಡಬ್ಬಿಗಳ ಸಾಲು ಅಂದುಕೊಳ್ಳಿ. 100ರ ಡಬ್ಬಿಯಲ್ಲಿ ಲೇಖಕ, 245ರಲ್ಲಿ ಶೀರ್ಷಿಕೆ, ಹೀಗೆ. ಡಬ್ಬಿ ಮಾರ್ಕ್‌ದು, ಅದರೊಳಗೆ ಏನು ಹಾಕಬೇಕು ಅನ್ನೋದು ಆರ್‌ಡಿಎಯದು.

ಆರ್‌ಡಿಎ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹಳೇ ಸಂಹಿತೆ ಕಾರ್ಡಿನ ಕಾಲದ್ದು. ಅಂಗೈ ಅಗಲದ ರಟ್ಟಿನ ಮೇಲೆ ಎಲ್ಲ ಹಿಡಿಸಬೇಕಿತ್ತು. ಅದಕ್ಕೇ ‘ಪುಟ’ವೂ ಸಂಕ್ಷೇಪ, ‘ಚಿತ್ರಗಳು’ ಅನ್ನೋದೂ ಸಂಕ್ಷೇಪ. ಪ್ರಕಾಶಕರ ಊರು ಗೊತ್ತಿಲ್ಲದಿದ್ದರೆ ಯಾರಿಗೂ ಅರ್ಥವಾಗದ ಎರಡು ಲ್ಯಾಟಿನ್ ಅಕ್ಷರ. ಲೇಖಕರು ಮೂವರಿಗಿಂತ ಹೆಚ್ಚಿದ್ದರೆ ಮೊದಲನೆಯವರ ಹೆಸರು ಮಾತ್ರ, ಉಳಿದವರೆಲ್ಲ ‘ಇತರರು’. ಆರ್‌ಡಿಎ ಈ ಜಿಪುಣತನವನ್ನು ಬಿಟ್ಟಿತು. ಅದಕ್ಕಿಂತ ದೊಡ್ಡ ಕೆಲಸವನ್ನೂ ಮಾಡಿತು: ಕೃತಿ ಬೇರೆ, ಕೈಯಲ್ಲಿರೋ ಪುಸ್ತಕ ಬೇರೆ ಎಂದು ಸ್ಪಷ್ಟವಾಗಿ ಹೇಳಿತು. ‘ಸಂಸ್ಕಾರ’ವನ್ನೇ ನೋಡಿ. ಅನಂತಮೂರ್ತಿಯವರ ಕಾದಂಬರಿ 1965ರದ್ದು. 1976ರಲ್ಲಿ ಬಂದ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಅದೇ ಕೃತಿಯ ಇನ್ನೊಂದು ರೂಪ. 1970ರ ಸಿನಿಮಾ ಅದರಿಂದ ಹುಟ್ಟಿದ ಬೇರೆಯದೇ ಕೃತಿ. ಈ ನಂಟುಗಳನ್ನು ರೆಕಾರ್ಡಿನಲ್ಲಿ ಕಾಣಿಸಿದರೆ ಕಾದಂಬರಿ ಹುಡುಕಿಕೊಂಡು ಬಂದವರಿಗೆ ಅನುವಾದವೂ ಸಿನಿಮಾವೂ ಒಟ್ಟಿಗೇ ಸಿಗುತ್ತವೆ. ಆರ್‌ಡಿಎಯ ಆಸೆ ಇದು.

ಆದರೆ ಆ ಆಸೆ ಜಾರಿಗೆ ಬಂದ ರೀತಿ? ಐಟಿಯಲ್ಲಿರೋರಿಗೆ ಇದು ತೀರಾ ಪರಿಚಿತ ಕಥೆ. ಹಳೇ ಡೇಟಾಬೇಸನ್ನು ಹೊಸದಕ್ಕೆ ಸಾಗಿಸ್ತಾರೆ, ಹೊಸ ಕಾಲಮ್‌ಗಳನ್ನು ಸೇರಿಸ್ತಾರೆ, ಅವಕ್ಕೆಲ್ಲ ಒಂದೇ ಡೀಫಾಲ್ಟ್ ತುಂಬ್ತಾರೆ, ‘ಮೈಗ್ರೇಶನ್ ಮುಗೀತು’ ಅಂತ ಮೇಲ್ ಹಾಕ್ತಾರೆ. ಒಳಗಿನ ಡೇಟಾ ಮಾತ್ರ ಇದ್ದ ಹಾಗೇ ಇರುತ್ತೆ. ಕೆಟಲಾಗುಗಳಲ್ಲೂ ಆಗಿದ್ದು ಬಹುಮಟ್ಟಿಗೆ ಇದೇ. ಆರ್‌ಡಿಎ ಜೊತೆ 336, 337, 338 ಅಂತ ಮೂರು ಹೊಸ ಡಬ್ಬಿಗಳು ಬಂದವು. ಒಳಗಿರೋದು ಪಠ್ಯವೋ ಸಂಗೀತವೋ, ನೋಡಲು ಯಂತ್ರ ಬೇಕೋ ಬೇಡವೋ, ಕೈಗೆ ಬರೋದು ಪುಸ್ತಕವೋ ಡಿಸ್ಕೋ ಅಂತ ಅಲ್ಲಿ ಹೇಳಬೇಕು. ಒಂದು ಸಣ್ಣ ಪ್ರೋಗ್ರಾಂ ಬರೆದರೆ ಸಾವಿರಾರು ರೆಕಾರ್ಡುಗಳಲ್ಲಿ ಇವು ಒಂದೇ ರಾತ್ರಿಯಲ್ಲಿ ತುಂಬಿಹೋಗುತ್ತವೆ. ಸಂಕ್ಷೇಪಗಳನ್ನು ಬಿಡಿಸಿ ಬರೆಯೋದೂ ಅಷ್ಟೇ ಸುಲಭ. ಬೆಳಗಾದರೆ ಎಲ್ಲವೂ ‘ಆರ್‌ಡಿಎ’. ಗೋಡೆ ಬಿರುಕು ಬಿಟ್ಟ ಮನೆಗೆ ಸುಣ್ಣ ಹೊಡೆದ ಹಾಗೆ.

ಕೈಯಲ್ಲಿ ಹಿಡಿದ ಪುಸ್ತಕ ಪುಸ್ತಕವೇ ಅಂತ ಹೇಳಿಸಿಕೊಳ್ಳೋಕೆ ಯಾವ ಓದುಗರೂ ಕೆಟಲಾಗಿಗೆ ಬರೋದಿಲ್ಲ. ಅವರು ಬರೋದು ಲೇಖಕರನ್ನು ಹುಡುಕಿಕೊಂಡು. ಕನ್ನಡದಲ್ಲಿ ತೊಡಕು ಶುರುವಾಗೋದೇ ಅಲ್ಲಿ.

ಕೆಟಲಾಗಿನಲ್ಲಿ ಹೆಸರನ್ನು ತಿರುಗಿಸಿ, ನಡುವೆ ಅಲ್ಪವಿರಾಮ ಹಾಕಿ ಬರೆಯೋ ಪದ್ಧತಿ ಇದೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ದ.ರಾ. ಬೇಂದ್ರೆಗೆ ಇದು ಸರಿಹೋಗುತ್ತೆ. ದತ್ತಾತ್ರೇಯ ಸ್ವಂತ ಹೆಸರು, ರಾಮಚಂದ್ರ ತಂದೆಯ ಹೆಸರು, ಬೇಂದ್ರೆ ಮನೆತನ. ಕೆ.ವಿ. ಪುಟ್ಟಪ್ಪನವರ ವಿಷಯದಲ್ಲಿ ಲೆಕ್ಕವೇ ಬೇರೆ. ಕುಪ್ಪಳ್ಳಿ ಊರು, ವೆಂಕಟಪ್ಪ ತಂದೆ, ಕೊನೆಯ ಪುಟ್ಟಪ್ಪ ಅನ್ನೋದೇ ಸ್ವಂತ ಹೆಸರು. ಇಲ್ಲಿ ಮನೆತನದ ಹೆಸರೇ ಇಲ್ಲ. ಆದರೂ ‘ಪುಟ್ಟಪ್ಪ, ಕೆ.ವಿ.’ ಅಂತ ಬರೆದರೆ ಅದೃಷ್ಟಕ್ಕೆ ಏನೂ ಕೆಡೋದಿಲ್ಲ. ಅದೇ ಸೂತ್ರವನ್ನು ಅವರ ಮಗನಿಗೆ ಹಚ್ಚಿ ನೋಡಿ: ‘ತೇಜಸ್ವಿ, ಕೆ.ಪಿ. ಪೂರ್ಣಚಂದ್ರ’. ಒಂದೇ ಹೆಸರು ನಡುವೆ ಕತ್ತರಿಸಿ ಎರಡಾಯ್ತು! ಇನ್ನೊಬ್ಬರು ಅದೇ ಹೆಸರನ್ನು ‘ಪೂರ್ಣಚಂದ್ರ ತೇಜಸ್ವಿ, ಕೆ.ಪಿ.’ ಅಂತ ಸರಿಯಾಗೇ ಬರೆದಿರ್ತಾರೆ. ಅಲ್ಲಿಗೆ ಕಂಪ್ಯೂಟರಿನ ಪಾಲಿಗೆ ಇಬ್ಬರು ಲೇಖಕರು ಹುಟ್ಟಿಕೊಂಡರು.

ಆಯಾ ಭಾಷೆಯ, ದೇಶದ ರೂಢಿಯಂತೆ ಹೆಸರು ಬರೆಯಬೇಕು ಅಂತ ಆರ್‌ಡಿಎ ಹೇಳುತ್ತೆ. ಆದರೆ ಧಾರವಾಡದ ರೂಢಿ ಬೇರೆ, ಶಿವಮೊಗ್ಗದ ರೂಢಿ ಬೇರೆ. ಇದನ್ನು ಪ್ರೋಗ್ರಾಂ ಬರೆದು ಬಗೆಹರಿಸೋಕಾಗಲ್ಲ. ಕನ್ನಡ ಬಲ್ಲ ಒಬ್ಬರು ಕೂತು, ಪ್ರತಿ ಲೇಖಕರಿಗೂ ಒಂದು ಅಧಿಕೃತ ರೂಪ ನಿಗದಿಮಾಡಿ, ಕಾವ್ಯನಾಮಗಳನ್ನೂ ಬೇರೆ ರೂಪಗಳನ್ನೂ ಅದಕ್ಕೆ ಜೋಡಿಸಬೇಕು. ಲೈಬ್ರರಿಯವರು ಇದನ್ನು ಅಥಾರಿಟಿ ಫೈಲ್ ಅಂತಾರೆ. ತ್ರಿವೇಣಿ ಮತ್ತು ಅನಸೂಯಾ ಶಂಕರ್ ಒಬ್ಬರೇ, ಅಂಬಿಕಾತನಯದತ್ತ ಮತ್ತು ಬೇಂದ್ರೆ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಳಿಕೊಡೋದು ಈ ಕಡತ. ‘ಆರ್‌ಡಿಎ ಆಯ್ತು’ ಅನ್ನೋ ಎಷ್ಟೋ ಕಡೆ ಇದಕ್ಕೆ ಕೈಯೇ ಹಚ್ಚಿರೋದಿಲ್ಲ.

ಎರಡನೆಯದು ಲಿಪಿ. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲೇ ದೆಹಲಿಯಲ್ಲಿ ಕಚೇರಿ ತೆರೆಯಿತು. ಅದರ ಮೂಲಕ ಕನ್ನಡ ಪುಸ್ತಕಗಳು ಅಮೆರಿಕದ ವಿಶ್ವವಿದ್ಯಾಲಯಗಳನ್ನು ಸೇರಿದವು. ಆದರೆ ಹಳೇ ರೆಕಾರ್ಡುಗಳಲ್ಲಿ ಬಹುಪಾಲು ರೋಮನ್ ಲಿಪಿಯಲ್ಲಿವೆ. ಆಗಿನ ಮಾರ್ಕ್ ಅಕ್ಷರಗಳ ಪಟ್ಟಿಯಲ್ಲಿ ಕನ್ನಡ ಇರಲೇ ಇಲ್ಲ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ. ಈ ರೋಮನ್ ಬರಹಕ್ಕೂ ಒಂದು ಕೋಷ್ಟಕವಿದೆ. ಅದರಲ್ಲಿ ‘ಚ’ ಅಂದರೆ ಬರೀ ಸಿ. ಪಕ್ಕದಲ್ಲಿ ಎಚ್ ಬಂದರೆ ಅದು ‘ಛ’. ಕಾರಂತರ ‘ಚೋಮನ ದುಡಿ’ಯನ್ನು ಇಂಗ್ಲಿಷಿನಲ್ಲಿ ಹುಡುಕುವಾಗ ನಾವು ನೀವೆಲ್ಲ ಎಚ್ ಸೇರಿಸಿಯೇ ಟೈಪ್ ಮಾಡ್ತೀವಿ. ಕೋಷ್ಟಕದ ಪ್ರಕಾರ ಬರೆದ ಶೀರ್ಷಿಕೆಯಲ್ಲಿ ಎಚ್ ಇರೋದಿಲ್ಲ. ಪುಸ್ತಕ ಕಪಾಟಿನಲ್ಲೇ ಕೂತಿರುತ್ತೆ, ಪರದೆ ಮೇಲೆ ‘ಫಲಿತಾಂಶ ಇಲ್ಲ’ ಅಂತ ಬರುತ್ತೆ. ಯುನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ಮೂಲ ಲಿಪಿಯನ್ನು ಜೊತೆಗೇ ಇಡೋಕೆ ಮಾರ್ಕ್‌ನಲ್ಲಿ 880 ಅನ್ನೋ ಡಬ್ಬಿಯೂ ಇದೆ. ಕನ್ನಡದ ಹಳೇ ರೆಕಾರ್ಡುಗಳಲ್ಲಿ ಅದನ್ನು ತುಂಬೋರು ಬೇಕು, ಅಷ್ಟೇ.

ಮೂರನೆಯದು ಅನುವಾದಕರು. ಇಲ್ಲಿ ದೂರು ಆರ್‌ಡಿಎ ಮೇಲೆಯೇ. ಅನುವಾದಕರನ್ನು ಹೆಸರಿಸಿ, ‘ಇವರು ಈ ಕೃತಿಯ ಅನುವಾದಕರು’ ಅಂತ ಜೋಡಿಸೋಕೆ ಅದು ಜಾಗ ಕೊಟ್ಟಿತು, ಆದರೆ 2010ರ ನಿಯಮ ಅದನ್ನು ಕಡ್ಡಾಯ ಮಾಡಲಿಲ್ಲ. ಐಚ್ಛಿಕ ಅಂದ ಮೇಲೆ ಗೊತ್ತಲ್ಲ, ಸಮಯ ಇಲ್ಲದ ಕಡೆ ಮೊದಲು ಬಿಟ್ಟುಹೋಗೋದೇ ಅದು. 2025ರ ಅಂತರರಾಷ್ಟ್ರೀಯ ಬುಕರ್ ‘ಹಾರ್ಟ್ ಲ್ಯಾಂಪ್’ಗೆ ಬಂದಾಗ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಹಣವನ್ನು ಸಮನಾಗಿ ಹಂಚಿಕೊಂಡರು. ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಅದೂ ಅಲ್ಲದೆ ಆ ಪುಸ್ತಕ ಯಾವುದೋ ಒಂದು ಕನ್ನಡ ಸಂಕಲನದ ಅನುವಾದವಲ್ಲ, ಹಲವು ಸಂಕಲನಗಳಿಂದ ಆಯ್ದ 12 ಕಥೆಗಳು. ರೆಕಾರ್ಡಿನಲ್ಲಿ ಅನುವಾದಕಿಯ ಹೆಸರೂ ಮೂಲ ಕಥೆಗಳ ನಂಟೂ ಇಲ್ಲದಿದ್ದರೆ, ಇಂಗ್ಲಿಷ್ ಓದಿ ಮೆಚ್ಚಿ ಕನ್ನಡಕ್ಕೆ ಬರಬೇಕೆಂದವರಿಗೆ ದಾರಿ ಅಲ್ಲಿಗೇ ಮುಗಿಯಿತು.

‘ಸಿಬ್ಬಂದಿ ಇಲ್ಲ, ಆರ್‌ಡಿಎ ಟೂಲ್‌ಕಿಟ್ ನೋಡೋಕೂ ವರ್ಷ ವರ್ಷ ಚಂದಾ ಕಟ್ಟಬೇಕು’ ಅನ್ನೋ ಮಾತು ನಿಜ. ಒಬ್ಬರೇ ಕೌಂಟರ್ ನೋಡಿಕೊಂಡು, ಅಕ್ಸೆಷನ್ ನಂಬರ್ ಬರೆದು, ಸ್ಟಾಕ್ ಎಣಿಸೋ ಕಡೆ ಅಥಾರಿಟಿ ಫೈಲ್ ಬಗ್ಗೆ ಭಾಷಣ ಮಾಡೋದು ಸುಲಭ. ಆದರೆ ನಾನು ಹೇಳ್ತಿರೋ ಕೆಲಸಕ್ಕೆ ಟೂಲ್‌ಕಿಟ್ ಬೇಕಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹೆಸರುಗಳ ಕಡತವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕೋಹಾದಂಥ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಕನ್ನಡ ಲಿಪಿಯೂ ನಡೆಯುತ್ತೆ. ಬೇಕಿರೋದು ಯಾವುದು ಮೊದಲು ಅನ್ನೋ ತೀರ್ಮಾನ. ಹೆಚ್ಚು ಜನ ಕೇಳೋ ನೂರು ಕನ್ನಡ ಲೇಖಕರಿಂದ ಶುರುಮಾಡಿ. ಹೆಸರು, ಲಿಪಿ, ಅನುವಾದಕರು ಇವಿಷ್ಟನ್ನು ಸರಿಮಾಡಿ. 336ರ ಡಬ್ಬಿ ಕಾಯಲಿ ಬಿಡಿ.

ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವ ಬಗ್ಗೆ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರವನ್ನೂ ಕಟ್ಟಿದರು. ಯಾವುದೇ ಸಂಹಿತೆಯನ್ನು ಅಳೆಯೋಕೆ ಆ ಒಂದು ಸೂತ್ರ ಸಾಕು.

ಹುಡುಕಿದ ಪುಸ್ತಕ ಸಿಗದೇ ಹೋದರೆ ಓದುಗರು ರೆಕಾರ್ಡನ್ನು ಅನುಮಾನಿಸೋದಿಲ್ಲ. ಪುಸ್ತಕವೇ ಇಲ್ಲ ಅಂದುಕೊಂಡು ಹೋಗ್ತಾರೆ. ಯಾರೂ ಕೇಳದ ಪುಸ್ತಕ ಕಪಾಟಿನಿಂದ ಗೋಡೌನಿಗೆ, ಗೋಡೌನಿನಿಂದ ರದ್ದಿಗೆ ಹೋಗೋಕೆ ಬಹಳ ವರ್ಷ ಬೇಕಾಗಲ್ಲ. ಹಾಗಾಗಿ ಮುಂದಿನ ಸಲ ನಿಮ್ಮ ಲೈಬ್ರರಿಯ ಕೆಟಲಾಗಿನಲ್ಲಿ ತೇಜಸ್ವಿ ಎರಡು ತುಂಡಾಗಿ ಕಂಡರೆ ಸುಮ್ಮನೆ ಬರಬೇಡಿ. ಕೌಂಟರಿಗೆ ಹೋಗಿ ಹೇಳಿ. ಒಂದು ಅಲ್ಪವಿರಾಮ ಜಾಗ ಬದಲಿಸಿದರೆ ಸಾಕು, ಒಂದಷ್ಟು ಪುಸ್ತಕ ಮತ್ತೆ ಓದುಗರ ಕೈಗೆ ಸಿಗುತ್ತವೆ.