‘ವರ್ಧಕ’ಲಕ್ಷಣ ವಿಚಾರ

ವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸುವವರು ‘ಆಂಪ್ಲಿಫೈಯರ್’ ಎಂಬ ಉಪಕರಣವನ್ನು ‘ವರ್ಧಕ’ವೆಂದು ಕರೆಯುತ್ತಾರೆ. ‘ಕ್ಷೀಣವಾದ ವಿದ್ಯುತ್ಸಂಕೇತವನ್ನು ಬೆಳೆಸುವ ಸಾಧನ’ವೆಂದು ಅದರ ಲಕ್ಷಣವನ್ನು ಹೇಳುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಉಪಾಧ್ಯಾಯರೊಬ್ಬರು ತಾವು ಬರೆದ ಇಂತಹ ಪಾಠವೊಂದನ್ನು ಭಾಷಾಶುದ್ಧಿಗಾಗಿ ನನ್ನಲ್ಲಿಗೆ ತಂದಿದ್ದರು. ನಾನು ‘ಬೆಳೆಸುವ’ ಎಂಬುದನ್ನು ‘ಪುಷ್ಟಿಗೊಳಿಸುವ’ ಎಂದು ತಿದ್ದಿ ತೃಪ್ತನಾದೆನು. ಆಮೇಲೆ ವಸ್ತುಸ್ಥಿತಿಯನ್ನು ಅವರಿಂದಲೇ ಕೇಳಿ ತಿಳಿದಾಗ, ದೋಷವು ಪದದ ಸೊಗಸಿನಲ್ಲಿಲ್ಲ, ಅರ್ಥದಲ್ಲಿಯೇ ಇದೆಯೆಂದೂ, ನನ್ನ ತಿದ್ದುಪಡಿಯು ಅದನ್ನು ಇನ್ನಷ್ಟು ಹೆಚ್ಚಿಸಿತೆಂದೂ ಮನದಟ್ಟಾಯಿತು. ಆ ತಪ್ಪಿನ ಪರಿಹಾರಾರ್ಥವಾಗಿ ಈ ವಿಚಾರವನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲು ವಸ್ತುವನ್ನು ನೋಡೋಣ. ‘741’ ಎಂಬ ಪ್ರಸಿದ್ಧವಾದ ಬಿಲ್ಲೆಯಿಂದ ಹೊರಡುವ ಅನಲಾಗ್ ಸಂಕೇತವು ಸುಮಾರು 25 ಮಿಲಿಆಂಪಿಯರಿಗಿಂತ ಹೆಚ್ಚಿನ ಪ್ರವಾಹವನ್ನು ಕೊಡಲಾರದು. 8 ಓಮ್ ರೋಧವುಳ್ಳ ಸಾಧನಕ್ಕೆ 1 ವೋಲ್ಟನ್ನು ಒದಗಿಸಲು 125 ಮಿಲಿಆಂಪಿಯರ್ ಬೇಕು. ಸಂಕೇತಕ್ಕೆ ವೋಲ್ಟಿನ ಕೊರತೆಯಿಲ್ಲ. ಪ್ರವಾಹವನ್ನು ಕೊಡುವ ಸಾಮರ್ಥ್ಯದ ಕೊರತೆಯುಂಟು. ಆದುದರಿಂದ ನಡುವೆ ಒಂದು ಟ್ರಾನ್ಸಿಸ್ಟರನ್ನು ‘ಎಮಿಟರ್ ಫಾಲೋಯರ್’ ಎಂಬ ರೀತಿಯಲ್ಲಿ ಇಟ್ಟು, ಅದಕ್ಕೆ 12 ವೋಲ್ಟಿನ ಪ್ರತ್ಯೇಕ ಮೂಲವನ್ನು ಜೋಡಿಸುತ್ತಾರೆ. ಅದರ ಪ್ರವಾಹಗುಣಕವು 50 ಆಗಿದ್ದರೆ, ಬಿಲ್ಲೆಯು ಸುಮಾರು 2.5 ಮಿಲಿಆಂಪಿಯರ್ ಕೊಟ್ಟರೆ ಸಾಕು. ಉಳಿದ ಪ್ರವಾಹವೆಲ್ಲವೂ ಆ ಮೂಲದಿಂದಲೇ ಬರುತ್ತದೆ. ಇಲ್ಲಿ ವೋಲ್ಟು ಹೆಚ್ಚುವುದಿಲ್ಲ, ಸುಮಾರು 0.7ರಷ್ಟು ಕಡಮೆಯೇ ಆಗುವುದರಿಂದ, ಬಿಲ್ಲೆಯು ಅಷ್ಟನ್ನು ಮೊದಲೇ ಸೇರಿಸಿ ಕೊಡಬೇಕು. ಮೂಲವು ಸುಮಾರು 1.5 ವ್ಯಾಟ್ ಶಕ್ತಿಯನ್ನು ವ್ಯಯಮಾಡುತ್ತದೆ. ಅದರಲ್ಲಿ ಸಾಧನಕ್ಕೆ ಸೇರುವುದು 0.125 ವ್ಯಾಟ್ ಮಾತ್ರ. ಉಳಿದುದು ಟ್ರಾನ್ಸಿಸ್ಟರಿನಲ್ಲಿಯೇ ಶಾಖವಾಗಿ ಪರಿಣಮಿಸುತ್ತದೆ.

ಈಗ ಲಕ್ಷಣವನ್ನು ಪರೀಕ್ಷಿಸೋಣ. ‘ಬೆಳೆಸುವುದು’ ಎಂದರೆ ವೋಲ್ಟನ್ನು ಹೆಚ್ಚಿಸುವುದೆಂದು ಹೇಳಿದರೆ, ಮೇಲೆ ಹೇಳಿದ ಫಾಲೋಯರಿನಲ್ಲಿ ಅವ್ಯಾಪ್ತಿ. ವೋಲ್ಟನ್ನು ಏರಿಸುವ ಟ್ರಾನ್ಸ್‌ಫಾರ್ಮರಿನಲ್ಲಿ ಅತಿವ್ಯಾಪ್ತಿ. ಅದು ವೋಲ್ಟನ್ನು ಎಷ್ಟು ಏರಿಸುವುದೋ ಪ್ರವಾಹವನ್ನು ಅಷ್ಟು ಇಳಿಸುತ್ತದೆ, ಶಕ್ತಿಯನ್ನು ಲವಲೇಶವೂ ಹೆಚ್ಚಿಸದು. ಅದನ್ನು ಯಾರೂ ವರ್ಧಕವೆನ್ನುವುದಿಲ್ಲ. ಇನ್ನು, ಸಂಕೇತವೇ ಬೆಳೆದು ದೊಡ್ಡದಾಗುವುದೆಂದು ಅರ್ಥಮಾಡಿದರೆ ಅಸಂಭವದೋಷ. ಏಕೆಂದರೆ ಹಾಗೆ ಮಾಡುವ ಉಪಕರಣವು ಲೋಕದಲ್ಲಿಲ್ಲ. ಒಂದೇ ವಾಕ್ಯದಲ್ಲಿ ಲಕ್ಷಣದ ಮೂರು ದೋಷಗಳೂ ನೆಲಸಿರುವುದು ವಿರಳವೇ ಸರಿ.

ಕಾರಣವಿವೇಕವಿಲ್ಲದಿರುವುದೇ ಈ ಗೊಂದಲಕ್ಕೆ ಮೂಲ. ಸಾಧನವನ್ನು ನಡೆಸುವ ಶಕ್ತಿಗೆ ಪ್ರತ್ಯೇಕವಾದ ಮೂಲವೇ ಉಪಾದಾನ, ಸಂಕೇತವು ನಿಮಿತ್ತಮಾತ್ರ. ಕೆರೆಯ ತೂಬನ್ನು ಎತ್ತುವ ನೀರಗಂಟಿಯು ಗದ್ದೆಗೆ ತನ್ನ ಮನೆಯ ನೀರನ್ನು ಹರಿಸುವುದಿಲ್ಲ. ಕೆರೆ ಬತ್ತಿದ್ದರೆ ಅವನು ತೂಬನ್ನು ಎಷ್ಟು ಎತ್ತಿದರೂ ಗದ್ದೆ ನೆನೆಯದು. ಆದರೂ ಎಷ್ಟು ನೀರು, ಯಾವಾಗ ಎಂಬುದು ಅವನ ಕೈಯಲ್ಲಿದೆ. ಲೀ ಡಿ ಫಾರೆಸ್ಟನು 1906ರಲ್ಲಿ ನಿರ್ಮಿಸಿದ ಮೂರು ವಿದ್ಯುದಗ್ರಗಳ ನಾಳವಾಗಲಿ, 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಮೊದಲು ಕೆಲಸಮಾಡಿದ ಟ್ರಾನ್ಸಿಸ್ಟರಾಗಲಿ ಮಾಡುವುದು ಈ ನೀರಗಂಟಿಯ ಕೆಲಸವನ್ನೇ.

‘ರೂಢಿಯು ಯೋಗಕ್ಕಿಂತ ಬಲವತ್ತರ, ಕೆಸರಿನಲ್ಲಿ ಹುಟ್ಟಿದ ಎಲ್ಲವೂ ಪಂಕಜವಲ್ಲ, ಆದುದರಿಂದ ವೃಧ್ ಧಾತುವಿನ ಅರ್ಥವನ್ನು ಹಿಡಿದು ಜಗ್ಗುವುದೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವು ಹೆಸರಿನ ಮಟ್ಟಿಗೆ ಗ್ರಾಹ್ಯವೇ. ವಿದ್ಯುತ್ತನ್ನು ಶಬ್ದವಾಗಿ ಮಾರ್ಪಡಿಸುವ ಲೌಡ್‌ಸ್ಪೀಕರನ್ನು ಜನರು ‘ಧ್ವನಿವರ್ಧಕ’ವೆನ್ನುತ್ತಿರುವಾಗ, ‘ವರ್ಧಕ’ವನ್ನು ಭಾಷೆಯಿಂದ ಹೊರಡಿಸುವುದು ನಮ್ಮಿಂದಾಗುವ ಕೆಲಸವಲ್ಲ, ಆಗಬೇಕಾದುದೂ ಅಲ್ಲ. ಆದರೆ ಹೆಸರಿಗೆ ಸಲ್ಲುವ ರಿಯಾಯಿತಿಯು ಲಕ್ಷಣಕ್ಕೆ ಸಲ್ಲದು. ಸಂಕೇತವೇ ಬೆಳೆಯಿತೆಂದು ಕಲಿತ ವಿದ್ಯಾರ್ಥಿಯು ಮೂಲವನ್ನು ಮರೆಯುತ್ತಾನೆ. ಮೂಲವನ್ನು ಮರೆತವನು ಶಾಖವನ್ನೂ ಮರೆಯುತ್ತಾನೆ. ಶಾಖವನ್ನು ಹೊರಚೆಲ್ಲುವ ಲೋಹದ ಫಲಕವನ್ನು ಜೋಡಿಸದೆ ಟ್ರಾನ್ಸಿಸ್ಟರನ್ನು ಸುಡುತ್ತಾನೆ. ಕಾವ್ಯದಲ್ಲಿ ಅಪಾರ್ಥವಾದರೆ ರಸಭಂಗ, ಇಲ್ಲಿ ಉಪಕರಣಭಂಗ.

ಆದುದರಿಂದ ಲಕ್ಷಣವನ್ನು ಹೀಗೆ ಹೇಳಬಹುದೆಂದು ತೋರುತ್ತದೆ: ‘ಅನ್ಯಮೂಲದಿಂದ ಬರುವ ವಿದ್ಯುಚ್ಛಕ್ತಿಯನ್ನು ಅಲ್ಪಸಂಕೇತದ ಏರಿಳಿತಕ್ಕೆ ಅನುಗುಣವಾಗಿ ನಿಯಮಿಸಿ, ಸಂಕೇತವು ತಾನಾಗಿ ಕೊಡಲಾರದ ಶಕ್ತಿಯನ್ನು ಸಾಧನಕ್ಕೆ ಒದಗಿಸುವುದು ವರ್ಧಕ.’ ಇದರ ಪದಕೃತ್ಯವಿಷ್ಟು: ‘ಅನ್ಯಮೂಲ’ವೆಂದುದರಿಂದ ಟ್ರಾನ್ಸ್‌ಫಾರ್ಮರು ಹೊರಗಾಯಿತು. ‘ಏರಿಳಿತಕ್ಕೆ ಅನುಗುಣವಾಗಿ’ ಎಂದುದರಿಂದ, ಹಚ್ಚುವುದು ಆರಿಸುವುದು ಇವೆರಡನ್ನೇ ಬಲ್ಲ ರಿಲೇ ಹೊರಗಾಯಿತು. ವೋಲ್ಟೆನ್ನದೆ ‘ಶಕ್ತಿ’ಯೆಂದುದರಿಂದ ಫಾಲೋಯರು ಒಳಗಾಯಿತು. ಈ ಫಾಲೋಯರಿಗೆ ಪ್ರತ್ಯೇಕವಾಗಿ ‘ಅನುಗಾಮಿ’ಯೆಂಬ ಹೆಸರನ್ನು ಕೊಟ್ಟರೆ ಉಚಿತ, ಅದು ಸಂಕೇತವನ್ನು ಮೀರದೆ ಹಿಂಬಾಲಿಸುತ್ತದೆ, ಭಾರವನ್ನು ಮಾತ್ರ ತಾನು ಹೊರುತ್ತದೆ.

ಈ ಲಕ್ಷಣದಲ್ಲಿಯೂ ದೋಷವಿದ್ದರೆ ತಿಳಿದವರು ತೋರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಶಾಸ್ತ್ರಾಂತರದ ಪಾಠವನ್ನು ತಿದ್ದುವ ಪಂಡಿತನು ಲೇಖನಿಯನ್ನು ಎತ್ತುವ ಮುನ್ನ ವಸ್ತುವನ್ನು ಕೇಳಿ ತಿಳಿಯಬೇಕೆಂಬುದಂತೂ ನನಗೆ ನಿಶ್ಚಯವಾಗಿದೆ.