ಮೂರು ಕಿಲೋವ್ಯಾಟಿನಲ್ಲಿ ಮುಕ್ಕಾಲು ಎಲ್ಲಿ ಹೋಯಿತು?

ತಾರಸಿಗೆ ಸೋಲಾರ್ ಹಾಕಿಸಿದವರು ಮೊದಲ ವಾರ ತಪ್ಪದೆ ಮಾಡುವ ಕೆಲಸವೆಂದರೆ ಮಟಮಟ ಮಧ್ಯಾಹ್ನ ಮೊಬೈಲಿನ ಆ್ಯಪ್ ತೆರೆದು ನೋಡುವುದು. 3 ಕಿಲೋವ್ಯಾಟಿಗೆ ದುಡ್ಡು ಕೊಟ್ಟವರಿಗೆ ಅಲ್ಲಿ ಕಾಣುವುದು 2.3, ಹೆಚ್ಚೆಂದರೆ 2.4. ಕೂಡಲೇ ಹಾಕಿಕೊಟ್ಟವನಿಗೆ ಫೋನು. ಪಾಪ, ಇದರಲ್ಲಿ ಅವನದೇನೂ ತಪ್ಪಿಲ್ಲ.

ಪ್ಯಾನೆಲ್ಲಿನ ಹಿಂದೆ ಅಂಟಿಸಿದ ವ್ಯಾಟ್ ಸಂಖ್ಯೆ ಪ್ರಯೋಗಾಲಯದ್ದು. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿದ್ದು, ಸೆಲ್ಲು ಮಾತ್ರ 25 ಡಿಗ್ರಿಯಲ್ಲೇ ಇದ್ದಾಗ ಅಳೆದದ್ದು. ಅಷ್ಟು ಬಿಸಿಲಿರುವ ಹೊತ್ತಿನಲ್ಲಿ ನಮ್ಮ ತಾರಸಿಯ ಮೇಲೆ ಯಾವುದು ತಣ್ಣಗಿರುತ್ತದೆ? ಸೆಲ್ಲು ಸಲೀಸಾಗಿ 60 ಡಿಗ್ರಿ ಮುಟ್ಟುತ್ತದೆ. ಈಗಿನ ಮೋನೋ ಪ್ಯಾನೆಲ್ಲುಗಳು 25ರ ಮೇಲೆ ಏರುವ ಒಂದೊಂದು ಡಿಗ್ರಿಗೂ ಸುಮಾರು ಶೇ 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಶೇ 12 ಅಲ್ಲೇ ಖೋತಾ. ಧೂಳು, ತಂತಿ, ಇನ್ವರ್ಟರು ತಂತಮ್ಮ ಪಾಲು ತೆಗೆದುಕೊಂಡ ಮೇಲೆ 2.4 ಉಳಿದರೆ ಒಳ್ಳೆಯ ಪ್ಯಾನೆಲ್ಲೇ.

ಆ್ಯಪಿನಲ್ಲಿ ಅತಿ ದೊಡ್ಡ ಅಂಕಿ ನೋಡುವ ಆಸೆಯೇ? ಕಡುಬೇಸಗೆಯಲ್ಲಿ ಹುಡುಕಬೇಡಿ. ಮಳೆ ಬಂದು ಗಾಜು ತೊಳೆದು, ತಂಗಾಳಿ ಬೀಸುತ್ತಿರುವಾಗ ಬಿಳಿಮೋಡದ ಸಂದಿಯಿಂದ ಸೂರ್ಯ ಥಟ್ಟನೆ ಇಣುಕುತ್ತಾನಲ್ಲ, ಆಗ ನೋಡಿ. ಮೋಡದಂಚು ಚದುರಿಸಿದ ಬೆಳಕೂ ನೇರ ಬಿಸಿಲಿಗೆ ಸೇರಿಕೊಂಡು ಸ್ವಲ್ಪ ಹೊತ್ತು ಆ 1000 ವ್ಯಾಟನ್ನೂ ಮೀರುವುದುಂಟು. ಪ್ಯಾನೆಲ್ಲು ಇನ್ನೂ ಕಾದಿರುವುದಿಲ್ಲ.

ಆದರೆ ಇದೆಲ್ಲ ಶೋಕಿ. ಬಿಲ್ಲು ಇಳಿಸುವುದು ಯೂನಿಟ್ಟು. ಬೆಂಗಳೂರಿನಲ್ಲಿ ವರ್ಷದ ಸರಾಸರಿ ತೆಗೆದರೆ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬಂದರೆ ಸಾಕು. ಮಾರ್ಚಿನಲ್ಲಿ ಹೆಚ್ಚು, ಮೋಡ ಕವಿದ ಜುಲೈಯಲ್ಲಿ ಕಡಿಮೆ. ವರ್ಷಪೂರ್ತಿ ಐದೂವರೆ ಬರುತ್ತದೆಂದು ಹೇಳುವವನಿಗೆ ಕಾಫಿ ಕೊಟ್ಟು ಕಳಿಸಿ.

ಬಿಸಿಗಿಂತ ನನಗೆ ಭಯ ನೆರಳಿನದು. ಸೆಲ್ಲುಗಳನ್ನು ಒಂದಕ್ಕೊಂದು ಸರಣಿಯಾಗಿ ಜೋಡಿಸಿರುತ್ತಾರೆ. ಒಂದು ಮಂಕಾದರೆ ಆ ಸಾಲಿನ ಕರೆಂಟೇ ಕುಗ್ಗುತ್ತದೆ. ಸಾಮಾನ್ಯವಾಗಿ ಪ್ಯಾನೆಲ್ಲಿಗೆ ಮೂರು ಬೈಪಾಸ್ ಡಯೋಡ್ ಇದ್ದು, ನೆರಳಾದ ಭಾಗವನ್ನು ಬದಿಗಿಟ್ಟು ಉಳಿದದ್ದನ್ನು ಕಾಪಾಡುತ್ತವೆ. ಅಂದರೆ ಅಂಗೈಯಗಲದ ನೆರಳಿಗೆ ಮೂರನೇ ಒಂದು ಪಾಲಿನವರೆಗೂ ನಷ್ಟ. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆಗ ಜಾಗ ನೋಡಿ ಹೋದವನಿಗೆ ದಕ್ಷಿಣದ ನೀರಿನ ಟ್ಯಾಂಕು ನಿರುಪದ್ರವಿ. ಡಿಸೆಂಬರಿನಲ್ಲಿ ಅದೇ ಟ್ಯಾಂಕಿನ ನೆರಳು ಪ್ಯಾನೆಲ್ಲಿನ ಮೇಲೆ ಚಾಚಿಕೊಳ್ಳುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಡಿಸೆಂಬರಿನಲ್ಲೊಮ್ಮೆ ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ತಾರಸಿ ಹತ್ತಿ ನೋಡಿ. ಪ್ಯಾನೆಲ್ಲಿನ ಕಂಪನಿ ಯಾವುದೆಂದು ಆಮೇಲೆ ಕೇಳಿದರಾಯಿತು.